ವಾಚು ಕಂಡರೆ ಕೆಮ್ಮು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಅದರಲ್ಲೂ ನೀನು ಓದಿದ್ದು ಏನು ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿದುಹೋಗುತ್ತಿತ್ತು. ಸಿವಿಲ್ ಓದಿದವರು ಮನೆ ಕಟ್ಟುತ್ತಾರೆ. ಮೆಕ್ಯಾನಿಕಲ್ ಓದಿದವರು ಗಾಡಿ ನೋಡುತ್ತಾರೆ. ಕಂಪ್ಯೂಟರಿನವರು ಏನು ಮಾಡುತ್ತಾರೋ ನಮ್ಮ ಅಕ್ಕೂರಿನ ಕಡೆ ಯಾರಿಗೂ ಗೊತ್ತಿಲ್ಲ, ಆದರೂ ಗೌರವಕ್ಕೇನೂ ಕಮ್ಮಿಯಿಲ್ಲ. ನಾನು ಓದಿದ್ದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್. ಕೇಳಿದವರಿಗೆಲ್ಲ ಅಪ್ಪ "ಇಂಡಸ್ಟ್ರಿ ಕಟ್ಟೋ ಓದು" ಎಂದು ಹೇಳಿಬಿಟ್ಟಿದ್ದ. ಅದನ್ನು ನಂಬಿ ಎದುರು ಮನೆಯವರು ತಮ್ಮ ರೇಷ್ಮೆ ಹುಳದ ಮನೆಗೆ ಶೀಟ್ ಹೊದಿಸಲು ನನ್ನಿಂದ ಪ್ಲಾನ್ ಬರೆಸಿಕೊಳ್ಳಲು ಬಂದಿದ್ದರು. ನನಗೆ ಬರುವುದಿಲ್ಲ ಎಂದಾಗ ಅವರ ಮುಖದಲ್ಲಿ ಕಂಡ ಮರುಕವನ್ನು ನಾನು ಇನ್ನೂ ಮರೆತಿಲ್ಲ.

ಓದು ಮುಗಿದು ಮನೆಯಲ್ಲಿ ಕೂತು ಬಹಳ ದಿನವಾಗಿತ್ತು. ಅಲ್ಲೊಂದು ಇಲ್ಲೊಂದು ಇಂಟರ್‌ವ್ಯೂಗೆ ಹೋಗಿ ಬಂದಿದ್ದೆ. ಆಮೇಲೆ ತಿಳಿಸುತ್ತೇವೆ ಎಂದವರು ಯಾರೂ ಏನೂ ತಿಳಿಸಿರಲಿಲ್ಲ. ಅಂಥ ಹೊತ್ತಿನಲ್ಲಿ ಬಿಡದಿಯಿಂದ ಬೈರಮಂಗಲಕ್ಕೆ ಹೋಗುವ ದಾರಿಯಲ್ಲಿರುವ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಮೇಲ್ ಬಂತು. ಐಇ ಟ್ರೈನಿ ಕೆಲಸ, ಇಂಟರ್‌ವ್ಯೂಗೆ ಬನ್ನಿ ಎಂದಿತ್ತು. ಐಇ ಎಂದರೆ ನಾನೇ, ಇಂಡಸ್ಟ್ರಿಯಲ್ ಎಂಜಿನಿಯರ್. ಕುಣಿಯುತ್ತ ಅಡುಗೆಮನೆಗೆ ಹೋಗಿ ಹೇಳಿದೆ. ಅಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

"ಬ್ಯಾರೆ ಯಾವ್ದೂ ಸಿಗಲಿಲ್ವೇನೇ ನಿಂಗೆ? ಕಾರ್ ಫ್ಯಾಕ್ಟ್ರಿಗ್ ಹೋಯ್ತೀಯ ಅಂದ್ಕಂಡಿದ್ದೆ ನಾನು."

ಅಮ್ಮನ ಸಂಕಟ ಅರ್ಥವಾಗಬೇಕಾದರೆ ಅವಳ ಕೆಲಸ ಗೊತ್ತಿರಬೇಕು. ಅವಳು ರಾಮನಗರದ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುವವಳು. ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲದಿಂದಲೂ ಬೆಳಿಗ್ಗೆ ವ್ಯಾನ್ ಹತ್ತಿ ಹೋಗುತ್ತಾಳೆ, ಸಂಜೆ ವ್ಯಾನ್ ಇಳಿದು ಬರುತ್ತಾಳೆ. ಊಟಕ್ಕೆ ಕೂತಾಗ ಬೈಯುವುದಕ್ಕೆ ಅವಳಿಗೆ ಒಬ್ಬ ಕಾಯಂ ಗಿರಾಕಿ ಇದ್ದ. ನಮ್ಮ ಮನೆಯಲ್ಲಿ ಅವನು 'ವಾಚಿನೋನು' ಎಂದೇ ಪ್ರಸಿದ್ಧ. ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಸಾಲಾಗಿ, ಅಂದರೆ ಲೈನಿನಲ್ಲಿ, ಕೂತು ಹೊಲಿಯುವವರ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಒಂದು ಕಾಲರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಹಾಕಿಕೊಳ್ಳುತ್ತಾನೆ. ಗಂಟೆಗೆ ಇಷ್ಟು ಹೊಲಿಯಲೇಬೇಕು ಎಂಬ ಟಾರ್ಗೆಟ್ ಬೋರ್ಡಿನ ಮೇಲೆ ಬರುವುದು ಅವನ ಲೆಕ್ಕದಿಂದಲೇ. ಅವನು ನಿಂತಿದ್ದಾಗ ಜಂಬ ಮಾಡಿ ಚುರುಕಾಗಿ ಹೊಲಿದವಳು ಆಮೇಲೆ ದಿನವಿಡೀ ಅದೇ ಚುರುಕಿನಲ್ಲಿ ಸಾಯಬೇಕು. ವರ್ಷ ಕಳೆದಂತೆ ಆ ಜಾಗಕ್ಕೆ ಬೇರೆ ಬೇರೆ ಹುಡುಗರು ಬಂದು ಹೋದರು. ಆಳು ಬದಲಾದರೂ ಅಮ್ಮನ ಬೈಗುಳ ಬದಲಾಗಲಿಲ್ಲ.

ಇನ್ನು ನನ್ನ ಪುಸ್ತಕದಲ್ಲಿ ಇದಕ್ಕೆ ಟೈಮ್ ಸ್ಟಡಿ ಎಂದು ಹೆಸರು. ನನಗೆ ಬಹಳ ಇಷ್ಟವಾದ ಪಾಠ. ಪುಸ್ತಕದ ಚಿತ್ರದಲ್ಲಿ ಟೈ ಕಟ್ಟಿಕೊಂಡು ಗಂಭೀರವಾಗಿ ನಿಂತಿದ್ದ ಎಂಜಿನಿಯರೂ, ನಮ್ಮ ಊಟದ ಹೊತ್ತಿನಲ್ಲಿ ದಿನಾ ಬೈಗುಳ ತಿನ್ನುತ್ತಿದ್ದ ವಾಚಿನೋನೂ ಒಬ್ಬನೇ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೊಳೆಯದವಳ ಹಾಗೆ ಇದ್ದೆನೋ ಏನೋ.

ಇಂಟರ್‌ವ್ಯೂಗೆ ಫೋಟೊ ಬೇಕು, ಸರ್ಟಿಫಿಕೇಟಿನ ಜೆರಾಕ್ಸ್ ಬೇಕು ಎಂದು ಒಂದು ಬೆಳಿಗ್ಗೆ ನಾನೂ ಅಮ್ಮನ ವ್ಯಾನಿನಲ್ಲಿ ರಾಮನಗರಕ್ಕೆ ಹೊರಟೆ. ಅಮ್ಮ ಬೇಡ, ಬಸ್ಸಿಗೆ ಬಾ ಎಂದಳು. ಪುಕ್ಕಟೆ ವ್ಯಾನ್ ಇರುವಾಗ ಬಸ್ಸು ಯಾಕೆ ಎಂದು ನಾನು ಹಟ ಮಾಡಿ ಹತ್ತಿದೆ. ವ್ಯಾನಿನವರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವವರು ಚನ್ನಪಟ್ಟಣದಲ್ಲಿ ಹತ್ತಿದರು. ಅವರದು ಮರದ ಗೊಂಬೆ ಮಾಡುವ ಮನೆ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷಿನ್ ಮೇಲೆ ಕೂರುವ ಅವರು ಅಮ್ಮನಿಗಿಂತ ಹಿರಿಯರು, ವ್ಯಾನಿನಲ್ಲಿ ಯಾವ ಪಂಚಾಯಿತಿಯಾದರೂ ಅವರದೇ ಕೊನೆಯ ಮಾತು. ನನ್ನ ಗಲ್ಲ ಹಿಡಿದು, "ಮಗಳು ಏನು ಓದಿರೋದು?" ಎಂದು ಕೇಳಿದರು.

"ಕಂಪ್ಯೂಟರ್," ಎಂದಳು ಅಮ್ಮ, ಕಿಟಕಿಯ ಕಡೆ ನೋಡುತ್ತ.

ನನಗೆ ಎಲ್ಲಿತ್ತೋ ಸಿಟ್ಟು. ಇಷ್ಟು ವರ್ಷ ಕಣ್ಣು ಕೆಂಪಾಗುವ ಹಾಗೆ ಓದಿದ್ದನ್ನು ಹೆತ್ತ ತಾಯಿಯೇ ಹೀಗೆ ಕಂಪ್ಯೂಟರಿಗೆ ದಾನ ಮಾಡುವುದೇ? ಅದೇನು ಓದು ಎಂದು ಇಡೀ ವ್ಯಾನಿಗೇ ಬಿಡಿಸಿ ಹೇಳಿದೆ. "ಒಬ್ಬರು ಕೆಲಸ ಮಾಡ್ತಿದಾರೆ ಅಂತ ಇಟ್ಕೊಳ್ಳಿ ಆಪಾ. ಆ ಕೆಲಸಾನ ನಾವು ಸಣ್ಣ ಸಣ್ಣ ತುಂಡು ಮಾಡ್ತೀವಿ. ವಾಚ್ ಹಿಡ್ಕೊಂಡು ಒಂದೊಂದು ತುಂಡಿಗೂ ಎಷ್ಟು ಹೊತ್ತು ಬೇಕು ಅಂತ ಅಳೀತೀವಿ. ಸುಮ್ಮನೆ ಕೈ ಆಡಿಸೋದು, ಅತ್ತಿತ್ತ ನೋಡೋದು ಎಲ್ಲ ಕಡಿಮೆ ಮಾಡಿಸ್ತೀವಿ. ಆಮೇಲೆ ಅದರ ಮೇಲೆ ಟಾರ್ಗೆಟ್..."

ಡ್ರೈವರ್ ಹಾಡು ನಿಲ್ಲಿಸಿದ. ಹಿಂದಿನ ಸೀಟಿನಿಂದ ಯಾರೋ ಕೆಮ್ಮಿದರು. ಮುಂದಿನ ಸೀಟಿನವರು ಕೆಮ್ಮಿದರು. ನಡುವಿನಲ್ಲಿದ್ದವರು ಒಬ್ಬರ ಹಿಂದೆ ಒಬ್ಬರು ಶುರುಮಾಡಿದರು. ಆಪಾ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಯವಾಗಿ ಒಂದು ಸಲ ಕೆಮ್ಮಿದರು. ಹೈವೇ ಧೂಳು ಇರಬೇಕು ಎಂದುಕೊಂಡು ನಾನು ಎದ್ದು ಕಿಟಕಿ ಎಳೆದೆ. ಅಮ್ಮ ತಲೆ ತಗ್ಗಿಸಿದವಳು ರಾಮನಗರದ ಬಂಡೆಗಳು ಬರುವ ತನಕ ಎತ್ತಲಿಲ್ಲ.

ಅವತ್ತು ಸಂಜೆ ಅಮ್ಮ ವ್ಯಾನಿನಿಂದ ಇಳಿದವಳೇ ಚಪ್ಪಲಿ ಬಿಡದೆ ಶುರುಮಾಡಿದಳು.

"ಅದು ಧೂಳಲ್ಲ ಕಣೇ, ಮಂಕುದಿಣ್ಣೆ! ವಾಚಿನೋನು ಬತ್ತವ್ನೆ ಅಂತ ಲೈನ್‌ನೋರು ಒಬ್ಬರ್ಗೊಬ್ರು ಹೇಳ್ಕಳದು ಹಂಗೆ. ಮೊದ್ಲು ನೋಡ್ದೋಳು ಕೆಮ್ಮಬೇಕು, ಅವಳ ಹಿಂದಿನೋಳು ಕೆಮ್ಮಬೇಕು. ಅವ್ನು ನಮ್ಮತ್ರ ಬರೋ ಹೊತ್ಗೆ ಎಲ್ರು ಕೈನೂ ನಿಧಾನ ಆಗಿರ್ತದೆ. ಇವತ್ತು ನನ್ನ ಮಗಳನ್ನ ನೋಡಿ ಕೆಮ್ಮಿದ್ರಲ್ಲ, ನನ್ನ ಮಖ ಎಲ್ಲಿಕ್ಕಳನ?"

ಮಾರನೆಯ ದಿನದಿಂದ ವ್ಯಾನಿನಲ್ಲಿ ಅಮ್ಮನ ಮುಂದೆ ಯಾರೂ ಫ್ಯಾಕ್ಟರಿಯ ಮಾತು ಆಡುತ್ತಿರಲಿಲ್ಲವಂತೆ. ಅವಳು ಹತ್ತಿದ ಕೂಡಲೇ ಮಾತು ಅವರೆಕಾಯಿಯ ಕಡೆಗೋ ಧಾರಾವಾಹಿಯ ಕಡೆಗೋ ತಿರುಗುತ್ತಿತ್ತಂತೆ. ಇಷ್ಟು ವರ್ಷ ಅವಳದಾಗಿದ್ದ ಕಿಟಕಿಯ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಿದ್ದರಂತೆ. ಅವಳು ಇದನ್ನು ಹೇಳುವಾಗ ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಆ ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಅಮ್ಮನಿಗೆ ಆ ವ್ಯಾನ್ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವ ದಾರಿ ಯಾವುದೆಂದು ನನಗೆ ತಿಳಿಯಲಿಲ್ಲ.

ತಿಳಿಯಲಿಲ್ಲ ಎಂದು ಓದು ಬಿಡುವುದಕ್ಕಾಗುತ್ತದೆಯೇ? ಇಂಟರ್‌ವ್ಯೂನಲ್ಲಿ ಟೈಮ್ ಸ್ಟಡಿ ಮಾಡಿ ತೋರಿಸು ಎಂದರೆ ಕೈ ನಡುಗಬಾರದಲ್ಲ, ಮನೆಯಲ್ಲೇ ಅಭ್ಯಾಸ ಮಾಡೋಣ ಎಂದುಕೊಂಡೆ. ಅಮ್ಮ ಮುದ್ದೆ ಮಾಡುವುದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಎಸರು ಕುದಿಯುವುದು, ಹಿಟ್ಟು ಹಾಕುವುದು, ಕೋಲಿನಿಂದ ತೊಳಸುವುದು, ಉಂಡೆ ಕಟ್ಟುವುದು. ತುಂಡು ಮಾಡಲು ಹೇಳಿ ಮಾಡಿಸಿದ ಹಾಗಿದೆ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ಮೊಬೈಲ್ ತೆಗೆದೆ.

ಜಗಲಿಯ ಮೇಲೆ ಕೂತಿದ್ದ ಅಪ್ಪ ಜೋರಾಗಿ ಕೆಮ್ಮಿದ.

ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಅಮ್ಮನ ಕಥೆ ಕೇಳಿ ಕೇಳಿ ಅವನೂ ಆ ಲೈನಿನ ಆಳೇ ಆಗಿಬಿಟ್ಟಿದ್ದ. ಅಮ್ಮ ತಿರುಗಿ ನೋಡಲಿಲ್ಲ. ಆದರೆ ಅವಳ ಕೈ ಬದಲಾಯಿತು. ಬೆಂಕಿ ಹಿಡಿದ ಹಾಗೆ ಹಿಟ್ಟು ತೊಳಸುತ್ತಿದ್ದವಳು ಕೋಲನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು. ಕೋಲಿನ ತುದಿ ನೋಡಿದಳು. ಅದಕ್ಕೆ ಮೆತ್ತಿದ್ದ ಹಿಟ್ಟನ್ನು ಬೆರಳಿನಿಂದ ಸವರಿ ತೆಗೆದಳು. ಸೆರಗು ಸರಿಮಾಡಿಕೊಂಡಳು. ಇಕ್ಕಳ ಎಲ್ಲಿ ಎಂದು ಹುಡುಕಿದಳು. ಇಕ್ಕಳ ಅವಳ ಎಡಗೈಯಲ್ಲೇ ಇತ್ತು.

"ಅಮ್ಮಾ, ಮಾಮೂಲಿ ಹೆಂಗ್ ಮಾಡ್ತೀಯೋ ಹಂಗೇ ಮಾಡು."

"ಮಾಮೂಲಿ ಹಿಂಗೆಯಾ ಮಾಡದು," ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಮುದ್ದೆ ತಟ್ಟೆಗೆ ಬರುವ ಹೊತ್ತಿಗೆ ಸಾರು ಆರಿತ್ತು, ಅಪ್ಪ ಕೂತಲ್ಲೇ ತೂಕಡಿಸುತ್ತಿದ್ದ. ಬೇಕೆಂದು ಮಾಡಿದ್ದಲ್ಲ ಅದು ಎಂದು ಈಗಲೂ ಅಮ್ಮ ಆಣೆ ಮಾಡುತ್ತಾಳೆ. ಇರಬಹುದು. ವಾಚು ಕಂಡರೆ ಅವಳ ಕೈ ತಾನೇ ಹಾಗಾಗುತ್ತದೆ, ಬಿಸಿ ತಾಗಿದರೆ ಕೈ ಹಿಂದಕ್ಕೆ ಬರುವ ಹಾಗೆ. ಎಷ್ಟು ಸಲ ಅಳೆದರೂ ಅಷ್ಟೇ. ನನ್ನ ತಾಯಿ ನಿಜವಾಗಿ ಎಷ್ಟು ಬೇಗ ಮುದ್ದೆ ಮಾಡುತ್ತಾಳೆ ಎಂಬುದು ಎಂಜಿನಿಯರ್ ಮಗಳಿಗೆ ಗೊತ್ತಾಗಲೇ ಇಲ್ಲ.

ಇದು ಸರಿಹೋಗುವುದಿಲ್ಲ ಎಂದು ಅಪ್ಪನನ್ನು ಹಿಡಿದೆ. ನಮ್ಮ ರೇಷ್ಮೆ ಹುಳಕ್ಕೆ ಹಾಕಲು ಅಪ್ಪ ದಿನಾ ಹಿಪ್ಪುನೇರಳೆ ಕಡ್ಡಿ ಕೊಯ್ಯುತ್ತಾನೆ. ಹೊಲದ ಬದುವಿನ ಮೇಲೆ ನಿಂತು ಮೊಬೈಲ್ ತೋರಿಸಿ, "ಅಪ್ಪಾ, ಶುರು ಮಾಡು," ಎಂದೆ. ಅಪ್ಪ ಪಂಚೆ ಎತ್ತಿ ಕಟ್ಟಿದ. ಆಮೇಲೆ ನಾನು ಕಂಡದ್ದು ಅಪ್ಪನನ್ನಲ್ಲ, ಯಾವುದೋ ಮಿಷಿನ್ನನ್ನು. ಕುಡುಗೋಲು ಕಣ್ಣಿಗೆ ಕಾಣದಂತೆ ಆಡುತ್ತಿತ್ತು. ಕಡ್ಡಿ ಎಲ್ಲೆಂದರಲ್ಲಿ ಹಾರಿ ಬೀಳುತ್ತಿತ್ತು. "ಬರ್ಕಳವ್ವಾ, ಬರ್ಕೋ! ನಿಮ್ಮ ಬುಕ್‌ನಾಗೈತಾ ಇಂಥ ಸ್ಪೀಡು?" ಎಂದು ಕೂಗುತ್ತ ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದ. ಸೊಂಟ ಹಿಡಿದುಕೊಂಡಿತ್ತು. ನಾನೂ ಪಕ್ಕದ ಹೊಲದವರೂ ಸೇರಿ ಅವನನ್ನು ಮನೆಗೆ ತಂದು ಮಲಗಿಸಿದೆವು. ಆ ವಾರವೆಲ್ಲ ಕಡ್ಡಿ ಕೊಯ್ಯುವ ಕೆಲಸ ನನ್ನದಾಯಿತು, ನನ್ನ ವೇಗವನ್ನು ಅಳೆಯುವವರು ಯಾರೂ ಇರಲಿಲ್ಲವೆಂಬುದೊಂದೇ ಸಮಾಧಾನ.

ಪುಸ್ತಕದಲ್ಲಿ ಇದಕ್ಕೂ ಒಂದು ಉಪಾಯ ಬರೆದಿದ್ದಾರೆ. ಅಳೆಯುವವನು ಕೆಲಸದವರ ವೇಗಕ್ಕೆ ಅಂಕ ಕೊಡಬೇಕು. ಮಾಮೂಲಿ ವೇಗಕ್ಕೆ ನೂರು, ಎಳೆದಾಡಿದರೆ ನೂರಕ್ಕಿಂತ ಕಡಿಮೆ, ಓಡಿದರೆ ಹೆಚ್ಚು. ಇದೇ ರೇಟಿಂಗ್. ಆದರೆ ಮಾಮೂಲಿ ಎಂದರೆ ಯಾವುದು? ನಮ್ಮ ಮನೆಯಲ್ಲಿ ಒಬ್ಬಳು ವಾಚು ಕಂಡರೆ ನಿಲ್ಲುತ್ತಾಳೆ, ಇನ್ನೊಬ್ಬ ವಾಚು ಕಂಡರೆ ಸೊಂಟ ಮುರಿದುಕೊಳ್ಳುತ್ತಾನೆ. ನಡುವಿನವರನ್ನು ನಾನು ಕಂಡೇ ಇರಲಿಲ್ಲ.

ಇಂಟರ್‌ವ್ಯೂಗೆ ಮುಂಚಿನ ಭಾನುವಾರ ಆಪಾ ನಮ್ಮ ಮನೆಗೆ ಬಂದರು. ಸೊಗಡು ಅವರೆಕಾಯಿ ಒಯ್ಯಲು ಬಂದದ್ದು ಎಂದರು. ಅವರೆಕಾಯಿಗೆ ವ್ಯಾನಿನ ಇನ್ನಿಬ್ಬರು ಅಕ್ಕಂದಿರನ್ನು ಕರೆದುಕೊಂಡು ಬರಬೇಕಿತ್ತೇ? ಮೂವರೂ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ತಪ್ಪು ಮಾಡಿದವಳ ಹಾಗೆ. ಆಪಾ ಅವಳನ್ನು ನೋಡಿ, "ನೀನ್ಯಾಕಮ್ಮಾ ಮುಖ ಸಣ್ಣ ಮಾಡ್ಕೊಂಡಿದೀಯ? ವಾಚ್‌ನವರು ಬರೋದು ನಿಲ್ಲಲ್ಲ. ನಾವು ಸತ್ತರೂ ಬರ್ತಾರೆ. ಬರೋದಾದ್ರೆ ನಮ್ಮ ಹುಡುಗೀನೇ ಬರ್ಲಿ ಬಿಡು," ಎಂದರು. ನನ್ನ ಕಡೆ ತಿರುಗಿ, "ಕೂತ್ಕೋ ಬೇಟಿ. ನಾವು ಇಂಟರ್‌ವ್ಯೂ ಮಾಡ್ತೀವಿ," ಎಂದರು.

ನಾನು ಮೆಟ್ಟಿಲ ಮೇಲೆ ಕೂತೆ. ಮೊದಲನೆಯ ಪ್ರಶ್ನೆ ಬಲಗಡೆಯ ಅಕ್ಕನಿಂದ ಬಂತು. "ಲೈನ್‌ನಾಗೆ ಒಬ್ಬಳ್ಗೆ ಬಾತ್ರೂಮ್ಗೆ ಅರ್ಜೆಂಟಾಯ್ತು. ಮುಂದ್ಗಡೆ ಬಂಡಲ್ ರಾಶಿ ಬಿದ್ದೈತೆ. ಏನ್ಮಾಡ್ತೀಯ?"

ಇದು ಗೊತ್ತಿದ್ದ ಪ್ರಶ್ನೆ. ಲೆಕ್ಕ ಹಾಕುವಾಗಲೇ ಬಾತ್ರೂಮಿಗೆ, ನೀರು ಕುಡಿಯುವುದಕ್ಕೆ, ದಣಿವಿಗೆ ಎಂದು ಹೊತ್ತು ಸೇರಿಸಬೇಕು, ಅದಕ್ಕೆ ಅಲವೆನ್ಸ್ ಎನ್ನುತ್ತಾರೆ ಎಂದು ಹೇಳಿದೆ.

ಮೂವರೂ ಮುಖ ಮುಖ ನೋಡಿಕೊಂಡರು. "ಬುಕ್‌ನಾಗೆ ಬಾತ್ರೂಮ್ ಬರ್ದವ್ರಾ? ಎಲ್ಲಿ, ತೋರ್ಸು."

ಪುಸ್ತಕ ತಂದು ಪುಟ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದೆ. ಅಕ್ಕ ಮೊಬೈಲ್ ತೆಗೆದು ಆ ಪುಟದ ಫೋಟೊ ಹಿಡಿದುಕೊಂಡರು. "ಸೋಮವಾರ ಐತೆ ನಮ್ಮ ಸೂಪರ್‌ವೈಸರ್‌ಗೆ," ಎಂದರು. ನನ್ನ ಓದಿನಿಂದ ಒಬ್ಬರಿಗೆ ಉಪಯೋಗವಾದದ್ದು ಅದೇ ಮೊದಲು.

ಆಮೇಲೆ ನಾನು ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಪ್ರಶ್ನೆಗಳನ್ನು ಅವರ ಕೈಗೆ ಕೊಟ್ಟೆ. ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ ಎಂಬುದು ಎಲ್ಲ ಕಡೆ ಕೇಳುವ ಪ್ರಶ್ನೆ ಎಂದೆ. "ಅದೇನು ಕೇಳೋದು? ಗಂಡನ ಮನೇಲಿ ಅನ್ನು," ಎಂದರು ಆಪಾ. "ಹಂಗಂದ್ರೆ ಕೆಲ್ಸ ಕೊಡಲ್ಲ ಆಪಾ," ಎಂದರೆ, "ಹಂಗಾದ್ರೆ ಅಮ್ಮನ ಮನೇಲಿ ಅನ್ನು, ಅದೂ ಸುಳ್ಳಲ್ಲ," ಎಂದರು. ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ ಬಾಗಿಲಿನಿಂದಲೇ, "ಇದೇ ಫ್ಯಾಕ್ಟ್ರೀಲಿ, ಇದೇ ಮಿಷಿನ್ ಮುಂದೆ ಅನ್ನು. ನಾನ್ ಇಲ್ವಾ?" ಎಂದಳು.

ನಿಮ್ಮ ದೌರ್ಬಲ್ಯ ಏನು ಎಂಬ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಳು. "ಸಿಟ್ಟು. ಬೆಳಿಗ್ಗೆ ಏಳಲ್ಲ. ಉಂಡ ತಟ್ಟೆ ಎತ್ತಲ್ಲ. ಹೇಳ್ದ ಮಾತು ಕೇಳಲ್ಲ." ಇನ್ನೂ ಹೇಳುತ್ತಿದ್ದಳೇನೋ, ಆಪಾ ಕೈ ಎತ್ತಿ ನಿಲ್ಲಿಸಿದರು.

ಹೊರಡುವಾಗ ಆಪಾ ಬ್ಯಾಗಿನಿಂದ ಅರಗಿನ ಬಣ್ಣ ಹಾಕಿದ ಒಂದು ಮರದ ಪೆನ್ನು ತೆಗೆದು ಕೊಟ್ಟರು, ಅವರ ಮನೆಯಲ್ಲೇ ಮಾಡಿದ್ದು. ಅಮ್ಮ ಮಾತ್ರ ಅವರು ಗೇಟು ದಾಟುವ ತನಕ ಕಾದಿದ್ದು ನನ್ನ ತೋಳು ಹಿಡಿದಳು.

"ವಾಚಾದ್ರೂ ಹಿಡ್ಕ, ಗಡಿಯಾರನಾದ್ರೂ ಹೊತ್ಕ. ನಾನ್ ಬ್ಯಾಡ ಅನ್ನಲ್ಲ. ಆದ್ರೆ ಕೆಮ್ಮಿನ್ ಇಸ್ಯ, ಕೈ ನಿಧಾನ ಮಾಡೋ ಇಸ್ಯ, ಅಲ್ಲಿ ಬಾಯ್ ಬುಡಬ್ಯಾಡ. ಅವ್ರು ನನ್ನ ನಂಬಿ ಮನೆಗ್ ಬಂದವ್ರೆ."

ಆಯ್ತಮ್ಮ ಎಂದೆ. ಅಷ್ಟು ಸುಲಭವಾಗಿ ಎಂದುಬಿಟ್ಟೆ.

ಫ್ಯಾಕ್ಟರಿಯಲ್ಲಿ ನನ್ನನ್ನು ಕೇಳಲು ಇಬ್ಬರು ಕೂತಿದ್ದರು. ಒಬ್ಬರು ಎಚ್‌ಆರ್ ಮೇಡಂ, ಇನ್ನೊಬ್ಬರು ಐಇ ವಿಭಾಗದ ಮ್ಯಾನೇಜರು. ಅವರು ತಲೆ ನರೆತ, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡ, ತಮಿಳು ಬೆರೆತ ಕನ್ನಡದ ಮನುಷ್ಯ. ಮೇಡಂ ನನ್ನ ದೌರ್ಬಲ್ಯ ಏನೆಂದು ಕೇಳಿದರು. ಕೆಲಸ ಪೂರ್ತಿ ಸರಿಯಾಗುವ ತನಕ ನನಗೆ ಸಮಾಧಾನವಾಗುವುದಿಲ್ಲ ಮೇಡಂ ಎಂದು ಬಾಯಿಪಾಠ ಒಪ್ಪಿಸಿದೆ. ಉಂಡ ತಟ್ಟೆ ಎತ್ತಲ್ಲ ಎಂದು ಕಿವಿಯಲ್ಲಿ ಅಮ್ಮ ಹೇಳಿದಳು.

ಆಮೇಲೆ ಮ್ಯಾನೇಜರ್ ಮುಂದಕ್ಕೆ ಬಾಗಿದರು. "ನಾವು ವಾಚ್ ಹಿಡಿದು ನಿಂತ ತಕ್ಷಣ ಆಪರೇಟರ್ ನಿಧಾನ ಮಾಡ್ತಾಳೆ. ಅದು ನಿಮಗೆ ಹೇಗೆ ಗೊತ್ತಾಗುತ್ತೆ?"

ಹಲವು ಸಲ ಅಳೆದು ಸರಾಸರಿ ತೆಗೆಯಬೇಕು, ರೇಟಿಂಗ್ ಹಾಕಬೇಕು ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ.

"ಅದು ಬುಕ್ಕು. ನಿಮಗೆ ಗೊತ್ತಿರೋದು ಹೇಳಿ."

ನನಗೆ ಗೊತ್ತಿದ್ದದ್ದು ಎಷ್ಟೊಂದು! ಕೋಲಿನ ತುದಿ ನೋಡುವುದು, ಸೆರಗು ಸರಿಮಾಡುವುದು, ಕೈಯಲ್ಲೇ ಇರುವುದನ್ನು ಹುಡುಕುವುದು. ಅಷ್ಟು ಹೇಳಿದ್ದರೆ ಕೆಲಸ ಅಲ್ಲೇ ನನ್ನದಾಗುತ್ತಿತ್ತು ಎಂದು ಅವರ ಕಣ್ಣೇ ಹೇಳುತ್ತಿತ್ತು. ಜಗಲಿಯ ಮೇಲಿನ ಮೂರು ಕುರ್ಚಿಗಳು ನೆನಪಾದವು.

"ಗೊತ್ತಿಲ್ಲ ಸರ್," ಎಂದೆ.

ಅವರು ಒಂದು ಕ್ಷಣ ನೋಡಿ, "ಮಿಷಿನ್ ಹೊಲಿಯೋಕೆ ಬರುತ್ತಾ?" ಎಂದರು. ಬರುತ್ತದೆ, ಅಮ್ಮ ಮನೆಯ ಮಿಷಿನ್ ಮೇಲೆ ಕಲಿಸಿದ್ದಾಳೆ. "ಬನ್ನಿ" ಎಂದು ಪಕ್ಕದ ಸ್ಯಾಂಪಲ್ ರೂಮಿಗೆ ಕರೆದುಕೊಂಡು ಹೋದರು, ಮೇಡಂ ಕೂಡ ಹಿಂದೆ ಬಂದರು. ನಾವು ಬಾಗಿಲು ದಾಟಿದ ಕೂಡಲೇ ಮೂಲೆಯ ಟೈಲರ್ ಕೆಮ್ಮಿದ. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮಿಷಿನ್ ಮುಂದೆ ಕೂರಿಸಿ ಎರಡು ಬಟ್ಟೆ ತುಂಡು ಕೊಟ್ಟರು. ನೇರವಾಗಿ ಒಂದು ಹೊಲಿಗೆ ಹಾಕಬೇಕು, ಅಷ್ಟೇ. ಚೆನ್ನಾಗಿ, ಬೇಗ ಹೊಲಿದು ತೋರಿಸಿ ಕೆಲಸ ಗಿಟ್ಟಿಸಬೇಕು ಎಂದು ಮನಸ್ಸಿನಲ್ಲಿ ದೃಢವಾಗಿ ಅಂದುಕೊಂಡೆ. ಅವರು ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ನನ್ನ ಬೆನ್ನ ಹಿಂದೆ ನಿಂತರು. ಟಿಕ್ ಎಂದಿತು.

ಆಮೇಲೆ ನಡೆದದ್ದು ನನ್ನ ಕೈಯಲ್ಲಿರಲಿಲ್ಲ. ನನ್ನ ದುಪ್ಪಟ್ಟಾ ಸರಿಯಾಗಿಯೇ ಇತ್ತು, ಅದನ್ನು ಸರಿಮಾಡಿಕೊಂಡೆ. ಸೂಜಿಯ ಕೆಳಗಿನ ತಟ್ಟೆಯನ್ನು ಬೆರಳಿನಿಂದ ಒರೆಸಿದೆ. ಬಟ್ಟೆಯ ಅಂಚು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದೆ. ಬಾಬಿನ್ ತೆಗೆದು ದಾರ ಇದೆಯೇ ನೋಡಿದೆ. ಇತ್ತು. ಅರ್ಧ ಹೊಲಿದು ನಿಲ್ಲಿಸಿ, ದಾರ ಕತ್ತರಿಸುವ ಟ್ರಿಮ್ಮರ್ ಎಲ್ಲಿ ಎಂದು ಹುಡುಕಿದೆ. ಅದು ನನ್ನ ಬೆರಳಿನಲ್ಲೇ ಸಿಕ್ಕಿಕೊಂಡಿತ್ತು. ಮುಗಿಸಿ ತಲೆ ಎತ್ತಿದಾಗ ನನಗೆ ನಾನು ಮಾಡಿದ್ದು ಅರ್ಥವಾಯಿತು. ಮೂಲೆಯ ಟೈಲರ್ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದ.

ಮ್ಯಾನೇಜರ್ ವಾಚು ನೋಡಿದರು, ನನ್ನನ್ನು ನೋಡಿದರು. "ಗೊತ್ತಿಲ್ಲ ಅಂದ್ರಲ್ಲಮ್ಮಾ?" ಎಂದರು. "ಮನೇಲಿ ಯಾರು ಗಾರ್ಮೆಂಟ್ಸ್‌ಗೆ ಹೋಗೋದು?"

ನಾನು ಬೆರಳಿಗೆ ಸಿಕ್ಕಿಕೊಂಡಿದ್ದ ಟ್ರಿಮ್ಮರ್ ಬಿಡಿಸಿ ಮಿಷಿನ್ ಮೇಲಿಟ್ಟೆ.

"ಸರಿ, ಹೇಳ್ಬೇಡಿ. ನಿಮಗೆ ನೀವೇ ರೇಟಿಂಗ್ ಕೊಟ್ಕೊಳ್ಳಿ, ನೋಡೋಣ."

ಇನ್ನೇನು, ಕೆಲಸ ಹೋಯಿತು. ಹೋದ ಮೇಲೆ ಹೆದರುವುದೇನು ಎಂದು ಅಮ್ಮನ ಮುಖವನ್ನೇ ನನ್ನ ಮುಖಕ್ಕೆ ತಂದುಕೊಂಡು, "ನೂರು ಸರ್. ಮಾಮೂಲಿ ಹಿಂಗೇ ಹೊಲಿಯೋದು," ಎಂದೆ.

ಅವರು ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೇಡಂಗೆ ಏನೂ ಅರ್ಥವಾಗಲಿಲ್ಲ, ಆದರೂ ನಕ್ಕರು. ಹೊರಡುವಾಗ ಮ್ಯಾನೇಜರ್, "ಇಷ್ಟು ಚೆನ್ನಾಗಿ ನಿಧಾನ ಮಾಡೋರಿಗೆ ಬೇರೆಯವರ ನಿಧಾನ ದೂರದಿಂದಲೇ ಕಾಣುತ್ತೆ. ಅಂಥೋರೇ ನಮಗೆ ಬೇಕಾಗಿರೋದು," ಎಂದರು. ಆ ಮಾತು ಕೇಳಿ ಖುಷಿಯೂ ಆಯಿತು, ಜಗಲಿಯ ಮೂರು ಕುರ್ಚಿಗಳೂ ಮತ್ತೆ ನೆನಪಾದವು.

ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಉಸಿರು ಹಿಡಿದು ಕೇಳಿ, "ರೇಟಿಂಗ್ ಎಷ್ಟ್ ಕೊಟ್ಕಂಡೆ?" ಎಂದಳು. ನೂರು ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸಿ ನಕ್ಕಳು. ಆದರೆ ಕೆಲವು ದಿನಗಳ ಮೇಲೆ ಕೆಲಸ ಸಿಕ್ಕಿದೆ ಎಂದು ಫೋನ್ ಬಂದಾಗ ನಗಲಿಲ್ಲ. ಮ್ಯಾನೇಜರ್ ನನ್ನನ್ನು ಯಾಕೆ ಆರಿಸಿದರು ಎಂಬುದು ಅವಳಿಗೂ ಗೊತ್ತಿತ್ತು. "ಒಳ್ಳೇದಾಗ್ಲಿ," ಎಂದು ದೇವರ ಮುಂದೆ ದೀಪ ಹಚ್ಚಿ ವ್ಯಾನಿಗೆ ಹೊರಟುಹೋದಳು.

ಮೊದಲ ಕೆಲವು ದಿನ ಬರೀ ನೋಡು ಎಂದರು. ಆಮೇಲೆ ಒಂದು ಬೆಳಿಗ್ಗೆ ಕುತ್ತಿಗೆಗೆ ಸ್ಟಾಪ್‌ವಾಚ್ ಹಾಕಿ ಶರ್ಟಿನ ತೋಳಿನ ತುದಿಗೆ ಕಫ್ ಹೊಲಿಯುವ ಲೈನಿಗೆ ಕಳಿಸಿದರು. ನಾನು ಲೈನಿನ ತುದಿಗೆ ಹೋಗಿ ನಿಂತೆ. ಹೊಸಬಳಾದ್ದರಿಂದ ಯಾರೂ ನನ್ನನ್ನು ಗುರುತಿಸಿರಲಿಲ್ಲ. ಎಲ್ಲ ಕೈಗಳೂ ತಮ್ಮ ನಿಜವಾದ ವೇಗದಲ್ಲಿ ಓಡುತ್ತಿದ್ದವು. ನನ್ನ ಮುಂದೆಯೇ ಕೂತಿದ್ದವಳು ಅಮ್ಮನ ವಯಸ್ಸಿನವಳು, ಅಮ್ಮನ ಹಾಗೆಯೇ ಜಡೆಯನ್ನು ಸುತ್ತಿ ಪಿನ್ನು ಚುಚ್ಚಿದ್ದಳು. ಹಾಗೆಯೇ ಸದ್ದಿಲ್ಲದೆ ಬಟನ್ ಒತ್ತಿದ್ದರೆ ಮ್ಯಾನೇಜರಿಗೆ ಬೇಕಾದ್ದೆಲ್ಲ ಅವತ್ತೇ ಸಿಗುತ್ತಿತ್ತು.

ನಾನು ಕೆಮ್ಮಿದೆ.

ಚೆನ್ನಾಗಿ, ಗಂಟಲು ತುಂಬ ಕೆಮ್ಮಿದೆ. ಲೈನು ಕ್ಷಣ ಗಲಿಬಿಲಿಯಾಯಿತು, ಯಾಕೆಂದರೆ ವಾಚಿನವಳೇ ಕೆಮ್ಮುವುದನ್ನು ಅವರು ಎಂದೂ ಕೇಳಿರಲಿಲ್ಲ. ಆಮೇಲೆ ಅಭ್ಯಾಸದಂತೆ ಆ ಕೆಮ್ಮು ಒಬ್ಬರಿಂದ ಒಬ್ಬರಿಗೆ ಸಾಗಿತು. ನನ್ನ ಮುಂದಿನವಳು ಸೂಜಿಯ ತಟ್ಟೆ ಒರೆಸಿದಳು, ಸೆರಗು ಸರಿಮಾಡಿಕೊಂಡಳು. ನಾನು ಬಟನ್ ಒತ್ತಿದೆ. ಅಳೆದೆ, ಕಣ್ಣಿಗೆ ಕಂಡ ರೇಟಿಂಗ್ ಹಾಕಿದೆ, ಬಾತ್ರೂಮಿನ ಹೊತ್ತನ್ನು ಮರೆಯದೆ ಸೇರಿಸಿದೆ. ಅವರ ಕೆಲಸ ಅವರು ಮಾಡಿದರು, ನನ್ನ ಕೆಲಸ ನಾನು ಮಾಡಿದೆ. ಕದ್ದು ನೋಡಿದ್ದು ಮಾತ್ರ ಇಲ್ಲ.

ಅವತ್ತು ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಪಾ ಅವರ ನಾದಿನಿ ನಮ್ಮ ಫ್ಯಾಕ್ಟರಿಯಲ್ಲೇ ಶರ್ಟಿಗೆ ಬಟನ್ ಹಾಕುತ್ತಾರೆ ಎಂಬುದು ನನಗೆ ಆಗ ಗೊತ್ತಾದದ್ದು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಲೋಟದ ತುಂಬ ಮೆಣಸಿನ ಕಷಾಯ ಆವಿಯಾಡುತ್ತಿತ್ತು.

"ಕುಡಿ. ಹೊಸ ವಾಚಿನೋಳ್ಗೆ ಬಲು ಕೆಮ್ಮಂತೆ, ವ್ಯಾನ್‌ನಾಗೆಲ್ಲ ಅದೇ ಮಾತು," ಎಂದಳು. ನನ್ನ ಕಡೆ ನೋಡದೆಯೇ, "ಕಿಟಕಿ ಸೀಟು ಬುಟ್ಕೊಟ್ರು ಕಣೇ," ಎಂದಳು.

ನಾನು ಕಷಾಯ ಹಿಡಿದು ಬಾಗಿಲಲ್ಲಿ ನಿಂತೆ. ಸ್ಟಾಪ್‌ವಾಚು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಜಗಲಿಯಿಂದ ಅಪ್ಪ ಅದನ್ನು ಕಂಡು ಕೆಮ್ಮಿದ. ಅಮ್ಮ ತಿರುಗಿ ವಾಚನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಎಸರಿಗೆ ಹಿಟ್ಟು ಸುರಿದು ಕೋಲು ಹಿಡಿದಳು.

ಅಬ್ಬಾ, ಆ ಕೈ! ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದು ಅವಳು ಹಿಟ್ಟು ತೊಳಸಿದ ರೀತಿಗೆ ಒಲೆಯೇ ಅಲುಗಾಡಿತು. ಒಂದು ಗಂಟು ಇಲ್ಲ, ಒಂದು ಸುತ್ತು ಹೆಚ್ಚಿಲ್ಲ. ಸೆರಗಿನ ಕಡೆ ಕೈ ಹೋಗಲೇ ಇಲ್ಲ. ಕೈಯನ್ನು ನೀರಿಗೆ ಅದ್ದಿ, ಸುಡುವ ಹಿಟ್ಟನ್ನು ತಿರುಗಿಸಿ ಉಂಡೆ ಕಟ್ಟಿ ತಟ್ಟೆಗೆ ಹಾಕಿದಳು, ಇನ್ನೊಂದು ಕಟ್ಟಿದಳು, ಮತ್ತೊಂದು ಕಟ್ಟಿದಳು. ಇಷ್ಟು ವರ್ಷ ಯಾವ ವಾಚಿನೋನಿಗೂ ತೋರಿಸದಿದ್ದ ವೇಗ ಅದು. ನನ್ನ ಕಣ್ಣು ತುಂಬಿತು. ಮೆಣಸಿನ ಖಾರ ಎಂದು ಹೇಳಲು ಕೈಯಲ್ಲಿ ಲೋಟವಂತೂ ಇತ್ತು.

"ಎಷ್ಟಾಯ್ತು?" ಎಂದಳು ಅಮ್ಮ, ಕೈ ತೊಳೆಯುತ್ತ.

"ಒತ್ತಲಿಲ್ಲ ಅಮ್ಮ."

"ಮತ್ಯಾಕೆ ಕೊಳ್ಗೆ ನೇತಾಕ್ಕಂಡಿದ್ದೀಯ ಅದ್ನ? ತೆಗ್ದಿಕ್ಕು. ಹಿಟ್ಟು ಆರೋಯ್ತದೆ, ಕೂತ್ಕೊ ಉಣ್ಣು. ಉಂಡ್ಮೇಲೆ ತಟ್ಟೆ ಎತ್ತು."